ನಯವಾಣಿ ನುಂಗಿದ ನಲವತ್ತನೆಯ ದಿನ

ಧಾರವಾಡ,
ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು, ಮರುಬೇಸಿಗೆಯ ನಲವತ್ನಾಲ್ಕನೆಯ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ಭುವನೇಶ್ವರಿಯವರಿಗೆ ಮುಕ್ತಾ ಮಾಡುವ ಶರಣು. ಈ ಕಾಗದದ ಕೆಲವು ಮಾತುಗಳು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ನಿಮಗೆ ಕಿರಿಕಿರಿ ಮಾಡಬಹುದು, ಕ್ಷಮಿಸಿ. ನೂರರವತ್ತೈದು ವರ್ಷಗಳಲ್ಲಿ ಭಾಷೆ ಎಲ್ಲೆಲ್ಲೋ ಹೋಗಿ ಬಂದಿದೆ. ಅಂಚೆ ಹಿಂದಕ್ಕೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ವಿಪರೀತ ಸಿಟ್ಟು ಬಂದಿದೆ, ಮತ್ತು ಆ ಸಿಟ್ಟಿನಲ್ಲಿ ನಿಮ್ಮದೂ ಒಂದು ಪಾಲಿದೆ.

ನಿಮಗೆ ವರ್ಷಕ್ಕೆ ಒಂದೇ ಬೇಸಿಗೆ ಇತ್ತಂತೆ, ಪುಣ್ಯವಂತರು. ನಮಗೆ ಎರಡು. ಮೊದಲನೆಯದು ಹೋಳಿಯ ಹೊತ್ತಿಗೆ ಶುರುವಾಗುತ್ತದೆ. ನಡುವೆ ಒಂದಿಷ್ಟು ಮಳೆ ಬಿದ್ದು ಮತ್ತೆ ಬರುವುದು ಮರುಬೇಸಿಗೆ, ನೂರಿಪ್ಪತ್ತು ದಿನ. ಆಗ ಶಾಲೆ ಮುಚ್ಚುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಕ್ಕಳು ಬಯಲಿಗೆ ಬರುವಂತಿಲ್ಲ, ಇದಕ್ಕೆ ಒಳವಾಸ ಎನ್ನುತ್ತೇವೆ. ಅಪ್ಪ ಅಮ್ಮ ಬೇರೆಯಾಗಿದ್ದರೆ ಈ ನೂರಿಪ್ಪತ್ತು ದಿನಗಳನ್ನು ಹಂಚಿ, ಹಂಚಿಕೆಯ ಹಾಳೆಗೆ ನಲವತ್ತೈದನೆಯ ದಿನದೊಳಗೆ ಇಬ್ಬರೂ ಹೆಬ್ಬೆಟ್ಟು ಒತ್ತಬೇಕು. ಒತ್ತದಿದ್ದರೆ ಬೇಸಿಗೆ ಮಂಡಳಿಯವರು ಮಕ್ಕಳನ್ನು ಮೂರನೆಯ ಮನೆಗೆ ಕರೆದೊಯ್ಯುತ್ತಾರೆ. ಹೆಸರಿಗೆ ಮನೆ, ಸಾಲಾಗಿ ಮುನ್ನೂರು ಹಾಸಿಗೆ. ನಾಳೆ ನಲವತ್ತೈದನೆಯ ದಿನ.

ನನ್ನ ಮಗಳು ಶಾಲ್ಮಲಾಗೆ ಹನ್ನೊಂದು, ಮಗ ಮಲ್ಲುಗೆ ಆರು. ಅವರಪ್ಪ ಚನ್ನಬಸು ಕುಮಟೆಯ ಕಡೆ ಕಡಲೊಡ್ಡು ಕಾಯುವ ಕೆಲಸದಲ್ಲಿದ್ದಾನೆ. ನಾವು ಬೇರೆಯಾಗಿ ನಾಲ್ಕು ವರ್ಷ. ಆ ನಾಲ್ಕು ವರ್ಷಗಳಲ್ಲಿ ಒಬ್ಬರಿಗೊಬ್ಬರು ಒಂದು ಮಾತೂ ನೇರವಾಗಿ ಆಡಿರಲಿಲ್ಲ, ಎಲ್ಲವೂ ನಯವಾಣಿಯ ಮೂಲಕ. ನಯವಾಣಿ ಎಂದರೆ ನಡುವೆ ಕುಳಿತು ಮಾತು ದಾಟಿಸುವ ಯಂತ್ರ. ನಾವು ಉಗುಳಿದ್ದನ್ನು ಅದು ಸೋಸಿ, ಕೊಂಕು ತೆಗೆದು, ಸಕ್ಕರೆ ಬೆರೆಸಿ ಆ ಕಡೆಗೆ ಕೊಡುತ್ತದೆ. ಮಕ್ಕಳ ಮನಸ್ಸಿಗೆ ಒಳ್ಳೆಯದು ಎಂದು ಊರೆಲ್ಲ ಹೊಗಳುತ್ತದೆ. ನಾನೂ ಹೊಗಳಿದ್ದೆ, ನನ್ನ ಬಾಯಿಗೆ ಬೆಂಕಿ ಬೀಳಲಿ.

ಆದದ್ದು ಇಷ್ಟು. ಹಾಳೆ ಇನ್ನೂ ಆಗದಿದ್ದರೂ, ಪ್ರತಿ ವರ್ಷದಂತೆ ನಲವತ್ತನೆಯ ದಿನ ಮಕ್ಕಳನ್ನು ಅವನಿಗೆ ಒಪ್ಪಿಸಬೇಕಿತ್ತು. ವಾಡಿಕೆಯಂತೆ ಅವನೇ ಬಂದು ಕರೆದೊಯ್ಯಬೇಕು. ಹೋದ ಸಲ ಎರಡು ದಿನ ತಡವಾಗಿ ಬಂದಿದ್ದ, ಅದರ ಉರಿ ನನ್ನಲ್ಲಿ ಇನ್ನೂ ಇತ್ತು. ನಿನ್ನನ್ನು ಕಾಯುತ್ತ ಕೂತರೆ ಬೇಸಿಗೆಯೇ ಮುಗಿಯುತ್ತದೆ, ಎಲ್ಲ ಕೆಲಸ ನನ್ನ ತಲೆಗೇ ಕಟ್ಟು, ನಾನೇ ಬೆಳಗಿನ ಇಳಿಬಂಡಿಗೆ ಹತ್ತಿಸಿ ಕಳಿಸುತ್ತೇನೆ ಎಂದು ಹೇಳಿದೆ. ಇಳಿಬಂಡಿ ಎಂದರೆ ಘಟ್ಟದ ಒಳಗಿಂದ ಕಡಲಿಗೆ ಇಳಿಯುವ ಗಾಡಿ. ನಯವಾಣಿ ಆ ಮಾತನ್ನು ಪೂರ್ತಿ ಕೊಂಕೆಂದು ತಿಳಿದು ಸೋಸಿತು. ಅವನಿಗೆ ತಲುಪಿದ್ದು, ನಿಮ್ಮ ಅನುಕೂಲ ನೋಡಿಕೊಂಡು ಬನ್ನಿ ಎಂಬ ಒಂದೇ ಸಾಲು. ಅನುಕೂಲ ನೋಡಿಕೊಂಡ ಪುಣ್ಯಾತ್ಮ ಮರುದಿನ ಬರುವುದೆಂದು ನಿರ್ಧರಿಸಿದ. ನಾಳೆ ಬರುತ್ತೇನೆ ಎಂದ ಅವನ ಉತ್ತರವನ್ನೂ ಸೋಸಿ ನನಗೆ ತಲುಪಿಸಿದ್ದು, ಧನ್ಯವಾದ.

ಮಕ್ಕಳು ಹತ್ತು ಗಂಟೆಗೆ ಕುಮಟೆಯ ನೆಲದಡಿ ನಿಲ್ದಾಣದಲ್ಲಿ ಇಳಿದು, ಗಂಟುಗಳ ಮೇಲೆ ಕೂತು ಅಪ್ಪನ ದಾರಿ ನೋಡಿದರು. ನಿಲ್ದಾಣದವರು ನಯವಾಣಿಗೆ ತಿಳಿಸಿದರು. ಅದು ಗಾಬರಿಯನ್ನೂ ಸೋಸುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಮಕ್ಕಳು ನಿಲ್ದಾಣದಲ್ಲಿ ಆರಾಮವಾಗಿದ್ದಾರೆ ಎಂದು ನನಗೆ ಹೇಳಿತು. ನಾನು ನೆಮ್ಮದಿಯಾಗಿ ಉಂಡೆ. ಅವನಿಗೂ ಅದನ್ನೇ ಹೇಳಿತು. ಮಕ್ಕಳು ಧಾರವಾಡದ ನಿಲ್ದಾಣ ಸುತ್ತಲು ಹೋಗಿರಬೇಕೆಂದುಕೊಂಡು ಅವನೂ ಉಂಡ. ಕೊನೆಗೆ ಅಲ್ಲಿ ನೀರು ಅಳೆದುಕೊಡುವ ಹೆಂಗಸು ಶಾಲ್ಮಲಾಳಿಂದ ನಂಬರು ಕೇಳಿ, ಎರಡೂವರೆಗೆ ನಮ್ಮಿಬ್ಬರಿಗೂ ನೇರವಾಗಿ ಕರೆ ಮಾಡಿ, ಹೆತ್ತದ್ದಕ್ಕೂ ನಾಚಿಕೆಯಾಗುವಂತೆ ಬೈದಳು. ನಾಲ್ಕು ವರ್ಷಗಳಲ್ಲಿ ನನಗೆ ಸರಿಯಾಗಿ ಅರ್ಥವಾದ ಮೊದಲ ಸುದ್ದಿ ಅದು.

ನಾನು ತಲುಪಿದಾಗ ಐದು ಗಂಟೆ. ಅವನು ಮಲ್ಲುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ನನ್ನನ್ನು ಕಂಡವನೇ, "ನಿನಗ ಹೇಳೂ ಬಾಯಿ ಇರಲಿಲ್ಲೇನು?" ಅಂದ. "ನಿನಗ ಕೇಳೂ ಕಿವಿ ಇತ್ತೇನು?" ಅಂದೆ. ಅಜ್ಜಿ, ಆಮೇಲೆ ನಾವು ಆಡಿದ ಜಗಳವನ್ನು ಬರೆಯಲು ಈ ಹಾಳೆ ಸಾಲದು. ಆದರೆ ಬೈಗುಳದ ನಡುನಡುವೆ ಸಂಗತಿಗಳು ಉದುರತೊಡಗಿದವು. ಮಲ್ಲುಗೆ ನೀರೆಂದರೆ ಜೀವ ಹೋಗುವಷ್ಟು ಹೆದರಿಕೆ, ಅವನನ್ನು ಪುಕ್ಕಲ ಮಾಡಿದವಳು ನೀನೇ ಎಂದು ಚನ್ನಬಸು ಎರಡು ಬೇಸಿಗೆಯಿಂದ ದೂರುತ್ತಿದ್ದನಂತೆ. ನನಗೆ ಒಮ್ಮೆಯೂ ತಲುಪಿರಲಿಲ್ಲ. ನಾನು ಪ್ರತಿ ಸಲ ಈಜಿನ ಬಟ್ಟೆ ಕಟ್ಟಿ ಕಳಿಸುತ್ತಿದ್ದೆ. ಮಗಳು ಅಲ್ಲಿಂದ ಬಂದ ಮೇಲೆ ವಾರಗಟ್ಟಲೆ ನಿದ್ದೆ ಮಾಡುವುದಿಲ್ಲ ಎಂದು ನಾನು ಅರಚಿದ್ದು ಅವನಿಗೂ ತಲುಪಿರಲಿಲ್ಲ. ಅವನು ಮುಖ ಆ ಕಡೆ ತಿರುಗಿಸಿದ. ನನಗೂ ಅಳು ಬಂತು. ಗಂಟುಗಳನ್ನು ಎತ್ತಿಕೊಳ್ಳತೊಡಗಿದೆ.

ಆಗ ಶಾಲ್ಮಲಾ ತಲೆ ಎತ್ತದೆ ಹೇಳಿದಳು: "ಇನ್ನೂ ಸ್ವಲ್ಪ ಜಗಳಾಡ್ರಿ. ನಾ ಬರಕೊಳ್ಳಾಕತ್ತೀನಿ."

ರೊಟ್ಟಿ ಕಟ್ಟಿಕೊಟ್ಟಿದ್ದ ಕಾಗದದ ಹಿಂಬದಿಯಲ್ಲಿ ಅವಳು ಉಳಿದ ಎಂಬತ್ತು ದಿನಗಳ ಹಾಳೆ ಮಾಡುತ್ತಿದ್ದಳು. ಯಾರು ಯಾವಾಗ, ಯಾರಿಗೆ ಏನಾಗದು, ಎಲ್ಲ. ಒಂದೊಂದು ವಾರಕ್ಕೂ ನಮ್ಮನ್ನು ಮತ್ತೆ ಕಚ್ಚಾಡಿಸಿ, ತೀರ್ಮಾನವಾದದ್ದನ್ನು ಬರೆದಳು. ಹೆಬ್ಬೆಟ್ಟು ಒತ್ತುವವರೆಗೆ ಮಕ್ಕಳು ಧಾರವಾಡದಲ್ಲೇ ಇರಲಿ ಎಂಬುದು ಮೊದಲ ತೀರ್ಮಾನ. ನಾಳೆ ಆ ಎಣ್ಣೆ ಹತ್ತಿದ ಕಾಗದಕ್ಕೇ ನಾವು ಹೆಬ್ಬೆಟ್ಟು ಒತ್ತಲಿದ್ದೇವೆ. ನಯವಾಣಿಯ ಮುದ್ರೆಯಿಲ್ಲದ ಹಾಳೆಯನ್ನು ಮಂಡಳಿಯವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೆ ಮಕ್ಕಳು ಮೂರನೆಯ ಮನೆಗೆ. ನನಗೆ ಹೆದರಿಕೆಯಾಗುತ್ತಿದೆ.

ಇನ್ನು ನಿಮ್ಮ ಪಾಲಿನ ವಿಷಯ. ನಿಮ್ಮ ಗೋಡೆ ಕ್ಯಾಲೆಂಡರ್ ನಮ್ಮ ಪೆಟ್ಟಿಗೆಯಲ್ಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮಗು ನಿಮ್ಮ ಹತ್ತಿರ ಇರುವ ದಿನಗಳು ಕೆಂಪು, ನಿಮ್ಮಿಂದ ಬೇರೆಯಾದ ಸಂಗಮೇಶಜ್ಜನ ದಿನಗಳು ಹಸಿರು. ಎಷ್ಟು ಹೊಡೆದು ತಿದ್ದಿದ್ದೀರೆಂದರೆ ಹಾಳೆ ತೂತಾಗಿದೆ. ಬಾಯಿಬಿಟ್ಟು ಕಿತ್ತಾಡಿದ ಗುರುತು ಅದು, ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಮೇ ಹನ್ನೆರಡರ ಪಕ್ಕದಲ್ಲಿ ಮಾತ್ರ ನಿಮ್ಮ ಕೈಬರಹ: ಇನ್ನು ಮಾತು ಬೇಡ, ಏನಿದ್ದರೂ ಮೆಸೇಜ್ ಮಾಡು. ಅದರ ಮುಂದೆ ಒಂದು ತಿದ್ದೂ ಇಲ್ಲ. ನಮ್ಮ ಮನೆತನ ಆ ಸಾಲನ್ನು ಜಾಣತನವೆಂದು ಆರು ತಲೆಮಾರು ಪಾಲಿಸಿತು.

ದಯವಿಟ್ಟು ಅದನ್ನು ಹೊಡೆದುಹಾಕಿ. ಫೋನ್ ಮಾಡಿ ಬೈಯಿರಿ, ಬೈಸಿಕೊಳ್ಳಿ. ಬೈದು ಮುಗಿದ ತಕ್ಷಣ ಇಟ್ಟುಬಿಡಬೇಡಿ, ಮಗುವಿನ ವಿಷಯ ಬಾಯಿಗೆ ಬರುವುದು ಆಗಲೇ.

ಇಗೋ, ಚನ್ನಬಸುವಿನ ಕರೆ ಬರುತ್ತಿದೆ, ನೇರವಾಗಿ. ಅರವತ್ತನೆಯ ದಿನ ಅವನಿಗೆ ಆಗುವುದಿಲ್ಲವಂತೆ, ಬೆಳಿಗ್ಗೆಯೇ ಒಮ್ಮೆ ಕರೆ ಮಾಡಿ ಹೇಳಿದ್ದ. ಬಿಡುವವಳಲ್ಲ ನಾನು. ಪಕ್ಕದ ಕೋಣೆಯಲ್ಲಿ ಶಾಲ್ಮಲಾ ಆಗಲೇ ಪೆನ್ಸಿಲ್ ಹುಡುಕುತ್ತಿದ್ದಾಳೆ.

ನಿಮ್ಮವಳೇ,
ಮುಕ್ತಾ