ಗುಬ್ಬಿಯ ಎದೆಗೆ ಇನ್ನೊಂದು ಎಕ್ಸ್‌ರೇ ಬೇಡ

ಅಪ್ಪಾ,

ಗುಬ್ಬಿಯನ್ನು ಕರೆದುಕೊಂಡು ಹೊರಟಿದ್ದೇನೆ. ನೀವು ಹೇಳಿದ ಎಕ್ಸ್‌ರೇ ಅಂಗಡಿಗಲ್ಲ, ಅವಳನ್ನು ಮೊದಲಿನಿಂದ ನೋಡುತ್ತಿರುವ ಡಾಕ್ಟರಮ್ಮನ ಹತ್ತಿರ.

ಹೋದ ವಾರದ ಫಿಲ್ಮ್ ಎಲ್ಲಿ ಅಂದರೆ, "ಎಲ್ಲೋ ಕಳೆದುಹೋಯ್ತು, ಇನ್ನೊಂದು ತೆಗೆಸಿದ್ರಾಯ್ತು ಬಿಡು" ಅಂದಿರಲ್ಲ? ಸಿಕ್ಕಿತು. ಅಡುಗೆಮನೆಯ ಒಡೆದ ಕಿಟಕಿಗೆ ನೀವೇ ಅಂಟಿಸಿದ್ದೀರಿ! ನಿಮ್ಮ ಚಿಕ್ಕ ಮಗಳ ಎದೆಗೂಡು ಬಿಸಿಲಿಗೆ ಅಡ್ಡ ನಿಂತಿತ್ತು. ಬಿಡಿಸಿಕೊಂಡಿದ್ದೇನೆ. ಅಲ್ಲಿಗೆ ರಟ್ಟು ಹಾಕಿಕೊಳ್ಳಿ.

ಹೋದ ವಾರ ಈ ಫಿಲ್ಮ್ ನೋಡಿಯೇ ಡಾಕ್ಟರಮ್ಮ, ಎದೆ ಸರಿಹೋಗಿದೆ, ಕೆಮ್ಮು ಮಾತ್ರ ಇನ್ನೂ ಕೆಲವು ವಾರ ಕಾಡುತ್ತದೆ ಅಂತ ನಿಮ್ಮೆದುರೇ ಹೇಳಿದರು. ಒಂದು ಎಕ್ಸ್‌ರೇಯ ವಿಕಿರಣ ತೀರಾ ಕಡಿಮೆ, ಬೇಕಾದಾಗ ಹೆದರಬಾರದು ಅಂತಲೂ ಹೇಳಿದರು. ಒಪ್ಪಿದೆ. ಆದರೆ ಬೇಡದ್ದು ಚಿಟಿಕೆಯಾದರೂ ಯಾಕೆ, ಅದೂ ಬೆಳೆಯುವ ಮೈಗೆ? ಅಜ್ಜಿಯ ಕಥೆಯಲ್ಲಿ ಒಬ್ಬ ರಾಜ, ನೆಟ್ಟ ಬೀಜ ಮೊಳೆಯಿತೇ ಅಂತ ದಿನಾ ಮಣ್ಣು ಕೆದಕಿ ನೋಡುತ್ತಿದ್ದ. ಕೊನೆಗೆ ಅವನ ಅಕ್ಕರೆಯೇ ಬೀಜವನ್ನು ಕೊಂದಿತು. ಆ ಕಥೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನೀವೇ.

ಅವಳು ಕೆಮ್ಮಿದಾಗಲೆಲ್ಲ ನೀವು ಹಾಸಿಗೆಯಲ್ಲಿ ಎದ್ದು ಕೂರುವುದು ನನಗೆ ಗೊತ್ತು. ಆದರೆ ನಿಮ್ಮ ಭಯ ಅವಳ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಪ್ಪಾ.

ನಿಮಗೆ ಅನುಮಾನವಿದ್ದರೆ ಡಾಕ್ಟರಮ್ಮ ಫಿಲ್ಮನ್ನು ಇನ್ನೊಮ್ಮೆ ನೋಡಲಿ, ಗುಬ್ಬಿಯನ್ನೂ ನೋಡಲಿ. ಹೊಸದು ಬೇಕೇ ಬೇಕು ಅಂದರೆ ನಾನೇ ತೆಗೆಸುತ್ತೇನೆ. ಬೇಡ ಅಂದರೆ ನೀವು ತಲೆಕೆಳಗಾಗಿ ನಿಂತರೂ ಇಲ್ಲ.

ಬಂದ ಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಗುಬ್ಬಿಯ ಮುಂದೆ ಮಾತ್ರ ಆ ಹೆದರಿದ ಮುಖ ಹೊತ್ತು ಕೂರಬೇಡಿ. ಅದನ್ನು ನೋಡಿಯೇ ಪಾಪ, ಕೆಮ್ಮು ಬಂದರೂ ನುಂಗಿಕೊಳ್ಳುತ್ತಾಳೆ.