ಸುಣ್ಣದ ಕೆಳಗಿನ ಬಿರುಕು

ಶಾಲಾ ಕಟ್ಟಡಗಳ ದುರಸ್ತಿಗೆ ಅನುದಾನ ಮಂಜೂರು ಮಾಡುವ ಅಧಿಕಾರಿಗಳಿಗೆ,

ಮಾನ್ಯರೇ, ನನಗೆ ಭಯವಾಗುತ್ತಿದೆ. ಅರ್ಜಿಗಳಲ್ಲಿ ಹೀಗೆ ಬರೆಯುವ ವಾಡಿಕೆಯಿಲ್ಲ ಎಂದು ಗೊತ್ತು. 'ತಮ್ಮ ಅವಗಾಹನೆಗೆ ತರಬಯಸುತ್ತೇನೆ' ಎಂದು ಎಷ್ಟೋ ಸಲ ಬರೆದೆ, ಉತ್ತರ ಬರಲಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವಂತೆ ಹೇಳುತ್ತಿದ್ದೇನೆ: ನಮ್ಮ ಶಾಲೆಯ ತಾರಸಿ ಮಕ್ಕಳ ತಲೆಯ ಮೇಲೆ ಬೀಳುವ ಹಾಗಿದೆ.

ನಂಜನಗೂಡಿನಿಂದ ತಿ. ನರಸೀಪುರದ ಬಸ್ಸು ಹಿಡಿದು, ನಡುದಾರಿಯಲ್ಲಿ ಇಳಿದು, ನಾಲೆ ಏರಿಯ ಮೇಲೆ ಬಹಳ ದೂರ ನಡೆದರೆ ನಮ್ಮ ಶಾಲೆ. ಒಂದೇ ಕೋಣೆ, ಐದು ತರಗತಿ, ಒಬ್ಬಳೇ ಅತಿಥಿ ಶಿಕ್ಷಕಿ. ಕಾಯಂ ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಮನೆಯವರೇ ಇಲ್ಲದ ಮನೆಯಲ್ಲಿ ಅತಿಥಿಯೇ ಒಲೆ ಹಚ್ಚುತ್ತಿದ್ದಾಳೆ. ತಾರಸಿಯ ಕಂಬಿಗಳು ತುಕ್ಕು ಹಿಡಿದು ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ.

ತಮ್ಮ ಕಡತದಲ್ಲಿ ಮಾತ್ರ ಈ ಕಟ್ಟಡ 'ಸುಸ್ಥಿತಿಯಲ್ಲಿದೆ'. ಅದು ಹೇಗಾಯಿತೆಂದು ಹೇಳುತ್ತೇನೆ. ನಮ್ಮ ಕಡೆ ದೊಡ್ಡವರು ಬರುತ್ತಾರೆಂದರೆ ಸುಣ್ಣ ಹೊಡೆಯುವುದು ರೂಢಿ. ಕಟ್ಟಡ ನೋಡಲು ಎಂಜಿನಿಯರ್ ಬರುತ್ತಾರೆಂಬ ಸುದ್ದಿ ಬಂದಾಗ ನಾನು ನಂಜನಗೂಡಿನಲ್ಲಿ ತರಬೇತಿಯಲ್ಲಿದ್ದೆ. ಊರವರು ಕೂಲಿ ಬಿಟ್ಟು ಬಂದು, ಬಿರುಕುಗಳಿಗೆ ಸಿಮೆಂಟು ಮೆತ್ತಿ, ಒಳಗೂ ಹೊರಗೂ ಸುಣ್ಣ ಹೊಡೆದು, ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ಸಾಹೇಬರು ಎಳನೀರು ಕುಡಿದು, ಶಾಲೆ ಚೊಕ್ಕಟವಾಗಿದೆ ಎಂದು ಹೊಗಳಿ ಹೊರಟರು. ನಮ್ಮ ಶಾಲೆ ದುರಸ್ತಿಯ ಪಟ್ಟಿಯಿಂದಲೂ ಹೊರಟಿತು.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ದೊಡ್ಡಮಾದಯ್ಯನವರನ್ನು ಕೇಳಿದೆ. "ಸಾಯೇಬ್ರು ಬತ್ತಾವ್ರೆ ಅಂದ್ರೆ ಇಸ್ಕೂಲ ಅಂಗೇ ಕೊಳಕಾಗಿ ಮಡಗಕ್ಕಾಯ್ತದಾ ಮೇಡಮ್ಮೋರೇ? ಊರ್ ಮರ್ವಾದೆ ಅಲ್ವಾ?" ಎಂದರು. ಬಿರುಕು ಕಂಡಿದ್ದರೇ ಹಣ ಬರುತ್ತಿತ್ತು ಎಂದು ಬಿಡಿಸಿ ಹೇಳಿದಾಗ ಅವರ ಮುಖ ಸಪ್ಪಗಾಯಿತು. "ಅಂಗಾರೆ ನಾವೇ ನಮ್ ಮಕ್ಳ ತಲೆ ಮ್ಯಾಲೆ ಚಪ್ಪಡಿ ಎಳ್ದಂಗಾಯ್ತಲ್ಲ" ಎಂದು ಕೂತುಬಿಟ್ಟರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆದರೆ ಓದಿ ಬಂದ ಎಂಜಿನಿಯರಿಗೆ ಹಸಿ ಸುಣ್ಣದ ವಾಸನೆಯೂ ಬರಲಿಲ್ಲವೇ? ಒಂದು ಕೋಲಿನಿಂದ ತಾರಸಿಯನ್ನು ತಟ್ಟಿ ನೋಡಲು ಎಷ್ಟು ಹೊತ್ತು ಬೇಕಿತ್ತು?

ಕಳೆದ ವಾರ ಎರಡನೇ ತರಗತಿಯ ಅರ್ಪಿತ ಲೆಕ್ಕ ತೋರಿಸಲು ಎದ್ದು ನನ್ನ ಬಳಿ ಬಂದಳು. ಹಿಂದೆಯೇ ಅವಳು ಕೂತಿದ್ದ ಜಾಗಕ್ಕೆ ದೊಡ್ಡದೊಂದು ಚಕ್ಕೆ ಬಿತ್ತು. ಬ್ಯಾಗಿನೊಳಗಿದ್ದ ಊಟದ ತಟ್ಟೆ ನೆಗ್ಗಿಹೋಯಿತು. ಧೂಳು ಇಳಿದ ಮೇಲೆ ಆ ಹುಡುಗಿ, "ಮಿಸ್, ನಾನ್ ಮತ್ತೆ ಅಲ್ಲೇ ಕೂತ್ಕೋಬೇಕಾ?" ಎಂದು ಕೇಳಿದಳು. ಅವತ್ತಿನಿಂದ ಬೋರ್ಡಿನ ಕಡೆ ತಿರುಗಲೂ ನನಗೆ ಹೆದರಿಕೆ. ಮೋಡ ಕವಿದರೆ ಪಾಠ ನಿಲ್ಲಿಸಿ ತಾರಸಿಯನ್ನೇ ನೋಡುತ್ತೇನೆ.

ತಮ್ಮ ಕಚೇರಿಗೂ ಹೋಗಿದ್ದೆ. ಸುಸ್ಥಿತಿಯ ಕಟ್ಟಡಕ್ಕೆ ಹಣ ಕೊಡಲು ಅವಕಾಶವಿಲ್ಲ ಎಂದರು. ಹಾಗಾದರೆ ಮಕ್ಕಳನ್ನು ಹೊರಗೆ ಮರದ ಕೆಳಗೆ ಕೂರಿಸುತ್ತೇನೆ ಎಂದೆ. ಹಾಗೆ ಮಾಡಿದರೆ ಇಲಾಖೆಯ ಮಾನ ಹೋಗುತ್ತದೆ, ಅತಿಥಿಗಳನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು ಎಂದೂ ನಯವಾಗಿ ತಿಳಿಸಿದರು. ಕೆಲಸ ಹೋದೀತೆಂಬ ಹೆದರಿಕೆ ನನಗಿಲ್ಲವೆಂದಲ್ಲ. ಆದರೆ ಹೋದ ಕೆಲಸ ಇನ್ನೊಂದು ಕಡೆ ಸಿಗಬಹುದು. ಅರ್ಪಿತಳನ್ನು ಅವಳ ತಾಯಿಗೆ ನಾನು ಎಲ್ಲಿಂದ ತಂದುಕೊಡಲಿ?

ಸೋಮವಾರದಿಂದ ಕೋಣೆಗೆ ಬೀಗ ಹಾಕಿ ಹೊಂಗೆಮರದ ಕೆಳಗೆ ಪಾಠ ಮಾಡುತ್ತೇನೆ. ತಾವೇ ಬಂದು ನೋಡಿ, ತಾರಸಿಗೆ ಹಣ ಮಂಜೂರು ಮಾಡಿ. ಕಟ್ಟಡ ಸುಸ್ಥಿತಿಯಲ್ಲೇ ಇದೆ ಎಂದು ತಮಗಿನ್ನೂ ಅನ್ನಿಸಿದರೆ ಬೀಗದ ಕೈ ಕೊಡುತ್ತೇನೆ. ಅರ್ಪಿತ ಕೂರುತ್ತಿದ್ದ ಜಾಗ ತೋರಿಸುತ್ತೇನೆ. ಒಂದು ಪೀರಿಯಡ್ ತಾವು ಅಲ್ಲಿ ಕೂತು ಎದ್ದು ಬನ್ನಿ. ಆಮೇಲೆ ಮಕ್ಕಳನ್ನು ಒಳಗೆ ಕಳಿಸುವ ಮಾತಾಡೋಣ.

ಇಂತಿ,
ಮಕ್ಕಳ ಮುಖಕ್ಕಿಂತ ತಾರಸಿಯನ್ನೇ ಹೆಚ್ಚು ನೋಡುವಂತಾದ ಅತಿಥಿ ಶಿಕ್ಷಕಿ
ವನಿತಾ