ನಮ್ಮ ತಾಲೂಕಿಗೆ ಅಲರ್ಜಿ ವೈದ್ಯರು ಬೇಡವೆಂದ ಅಧಿಕಾರಿಗಳಿಗೆ

ಮಾನ್ಯ ಅಧಿಕಾರಿಗಳೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜನರಿಗೆ ಅಲರ್ಜಿ ಆಗುವುದಿಲ್ಲವೆಂದು ಎರಡು ವರ್ಷದ ಹಿಂದೆ ತಾವು ತೀರ್ಮಾನಿಸಿದಿರಿ. ಈ ಸಂಕ್ರಾಂತಿಯಲ್ಲಿ ಆ ತೀರ್ಮಾನಕ್ಕೆ ಒಬ್ಬ ಹೆಣ್ಣುಮಗಳು ಬಲಿಯಾದಳು. ಮೇಲಧಿಕಾರಿಗಳ ಮೂಲಕ ನಾನು ಬರೆದ ಪತ್ರಗಳು ನಿಮ್ಮ ಕಚೇರಿಯಲ್ಲಿ ಎಲ್ಲಿ ಮಲಗಿವೆಯೋ ತಿಳಿಯದು. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಇಂಡಿ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯ ವೈದ್ಯೆ. ಅಲರ್ಜಿ ಮತ್ತು ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ವೈದ್ಯಶಾಸ್ತ್ರ ಕಲಿಯಲು ದಿಲ್ಲಿಯ ಸಂಸ್ಥೆಯೊಂದು ನನಗೆ ಸೀಟು ಕೊಟ್ಟಿತ್ತು. ನಾನು ಕೇಳಿದ್ದು ಒಂದು ವರ್ಷದ ರಜೆ ಮಾತ್ರ. ತಿರುಗಿ ಇಲ್ಲಿಗೇ ಬರುತ್ತೇನೆಂದು ಮುಚ್ಚಳಿಕೆಯನ್ನೂ ಬರೆದುಕೊಟ್ಟಿದ್ದೆ. ವಿಚಾರಿಸಲು ಬೆಂಗಳೂರಿಗೆ ಬಂದರೆ ನಿಮ್ಮ ಕಚೇರಿಯವರೊಬ್ಬರು ನಕ್ಕು, "ಅಲರ್ಜಿ ಅಂದ್ರೆ ನೆಗಡಿ, ತುರಿಕೆ ತಾನೇ ಮೇಡಂ? ಅದನ್ನ ಕಲಿಯೋಕೆ ದಿಲ್ಲಿಗೆ ಹೋಗ್ಬೇಕಾ?" ಎಂದರು. ನೀವು ನಗಲಿಲ್ಲ, ಸಹಿ ಮಾಡಿದಿರಿ. "ಗ್ರಾಮೀಣ ಪ್ರದೇಶದಲ್ಲಿ ಸದರಿ ವಿಷಯದ ತಜ್ಞತೆಯ ಅವಶ್ಯಕತೆ ಕಂಡುಬರುವುದಿಲ್ಲ" ಎಂಬ ಉತ್ತರ ಬಂತು. ಯಾರಿಗೆ ಕಂಡುಬರುವುದಿಲ್ಲ, ಮಾನ್ಯರೇ? ಆಲಮೇಲದ ಕಡೆ ಕಬ್ಬಿನ ಹೊಲದಲ್ಲಿ ಕಾಂಗ್ರೆಸ್ ಕಸವೆಂಬ ಕಳೆ ಕಿತ್ತು ಮೈಯೆಲ್ಲ ಹುಣ್ಣಾದವರು ನಿಮಗೆ ಕಂಡಿಲ್ಲ. ಜೋಳದ ರಾಶಿ ಶುರುವಾದರೆ ಸಾಕು, ಉಸಿರು ಸಿಗದೆ ಗೋಡೆಗೊರಗಿ ಕೂತು ಬೆಳಗು ಮಾಡುವವರೂ ಕಂಡಿಲ್ಲ. ಕಾಣುವಷ್ಟು ಹತ್ತಿರ ನೀವು ಬಂದದ್ದಾದರೂ ಯಾವಾಗ?

ಈಗ ದಾನೇಶ್ವರಿಯ ವಿಷಯ ಹೇಳುತ್ತೇನೆ. ಹಲಸಂಗಿ ಕಡೆಯ ಹಳ್ಳಿಯ ಸೊಸೆ, ಚಿಕ್ಕ ವಯಸ್ಸು, ಮಾತಿನಲ್ಲಿ ಬಲು ಚುರುಕು. ನಿಮ್ಮ ನಿರಾಕರಣೆ ಬಂದ ಮರುವರ್ಷ, ಹೋದ ಸಂಕ್ರಾಂತಿ ಕಳೆದ ಮೇಲೆ, ಆಕೆ ಮೊದಲ ಸಲ ನನ್ನ ಹತ್ತಿರ ಬಂದಳು. ಹಬ್ಬದೂಟ ಮಾಡಿ ಎದ್ದೊಡನೆ ಮೈಮೇಲೆ ಗಂಧೆ ಎದ್ದು, ತುಟಿ ಬಾತು, ಧ್ವನಿ ಗೊಗ್ಗರಾಗಿತ್ತು. ಇಂಜೆಕ್ಷನ್ ಕೊಟ್ಟೆ, ಇಳಿಯಿತು. ತಿಂದದ್ದರಲ್ಲಿ ಯಾವುದೋ ಒಂದು ಆಕೆಗೆ ಆಗದು, ಮತ್ತೊಮ್ಮೆ ತಿಂದರೆ ಜೀವಕ್ಕೇ ಕುತ್ತು ಬರಬಹುದು ಎಂದು ಎಚ್ಚರಿಸಿದೆ. "ಯಾವುದಂತ ಹೇಳ್ರಿ ಬಾಯಾರ, ಇವತ್ತ ಬಿಡತೇನಿ" ಎಂದಳು. ಯಾವುದೆಂದು ಹೇಳುವ ವಿದ್ಯೆಯನ್ನೇ ನಾನು ಕಲಿಯಲು ಹೊರಟಿದ್ದು. ಸೋಲಾಪುರಕ್ಕೆ ಕಳಿಸಿದೆ, ಅಲ್ಲಿಯೂ ಪರೀಕ್ಷೆ ಆಗಲಿಲ್ಲ, ಗುಳಿಗೆ ಕೊಟ್ಟು ಕಳಿಸಿದರು.

ಕೊನೆಗೆ ಮನೆಯವರೇ ಲೆಕ್ಕ ಹಾಕಿದರು. ಅಂದು ಶೇಂಗಾ ಹೋಳಿಗೆ ತಿಂದಿದ್ದಳು, ಆದ್ದರಿಂದ ಶೇಂಗಾ ಎಂದು ತೀರ್ಮಾನಿಸಿದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಹೂರಣಕ್ಕೆ ಹುರಿದ ಎಳ್ಳನ್ನೂ ಕುಟ್ಟಿ ಹಾಕುತ್ತಾರೆ. ಅದು ಯಾರ ತಲೆಗೂ ಬರಲಿಲ್ಲ. ದಾನೇಶ್ವರಿ ಶೇಂಗಾ ಬಿಟ್ಟಳು, ನಿಶ್ಚಿಂತಳಾದಳು.

ಈ ಸಂಕ್ರಾಂತಿಯ ಸಂಜೆ ಭಾವಕಿಯ, ಎಂದರೆ ದಾಯಾದಿ ಮನೆಯ, ಹೆಂಗಸೊಬ್ಬಳು ಅವರ ಮನೆ ಬಾಗಿಲಿಗೆ ಬಂದಳು. ಹೊಲದ ಬದುವಿನ ಜಗಳದಿಂದ ಎರಡೂ ಮನೆಯವರು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಕೈಯಲ್ಲಿ ಕುಸುರೆಳ್ಳು ಹಿಡಿದು, "ಆದದ್ದಾತು ಯವ್ವಾ, ಇನ್ನ ಛಲೋತಂಗ ಇರೂಣು" ಎಂದಳು. ಹಬ್ಬದ ದಿನ ಕೊಟ್ಟ ಎಳ್ಳನ್ನು ಬೇಡವೆಂದರೆ ಜಗಳ ಮುಗಿದಿಲ್ಲ ಎಂದಂತೆ. ನಮ್ಮಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. "ಇದರಾಗ ಶೇಂಗಾ ಇಲ್ಲ, ತಗೋವಾ" ಎಂದು ಅತ್ತೆ ಶೇವಂತೆವ್ವನೂ ಹೇಳಿದಳು. ದಾನೇಶ್ವರಿ ಬಾಯಿಗೆ ಹಾಕಿಕೊಂಡಳು, ಕೊಟ್ಟವಳ ಕಾಲಿಗೂ ಬಿದ್ದಳು.

ಮೈ ಕೆಂಪಗಾದಾಗ ಪಿತ್ತವೆಂದುಕೊಂಡು ಕಂಬಳಿಯಿಂದ ತಿಕ್ಕಿದರು. ಹಿಂದಿನಿಂದ ಮಾಡಿಕೊಂಡು ಬಂದ ಉಪಚಾರ ಅದು, ಅವರನ್ನು ಬೈಯಲಾರೆ. ಜೀಪು ಸಿಕ್ಕು ಆಸ್ಪತ್ರೆಗೆ ತರುವಷ್ಟರಲ್ಲಿ ಆಕೆಯ ಗಂಟಲು ಪೂರ್ತಿ ಮುಚ್ಚಿತ್ತು. ನಾನು ಕೊಟ್ಟ ಇಂಜೆಕ್ಷನ್ ಹೆಣಕ್ಕೆ ಕೊಟ್ಟಂತಾಯಿತು. ಶೇವಂತೆವ್ವ ಬಾಗಿಲಲ್ಲೇ ಕುಸಿದು ಕೇಳಿದಳು: "ಬಾಯಾರ, ಎಳ್ಳು ಯಾರಿಗರೆ ವಿಷ ಆಗತೈತೇನ್ರಿ?" ನಿಮ್ಮ ಮೇಲೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಸತ್ತವಳನ್ನು ನೀವು ತಂದುಕೊಡಲಾರಿರಿ, ಅದು ನನಗೂ ಗೊತ್ತು. ಆದರೆ ಆಕೆಗೊಬ್ಬ ಮಗಳಿದ್ದಾಳೆ, ನಾಲ್ಕು ವರ್ಷದವಳು. ಮೂರು ವಾರದ ಹಿಂದೆ ಊಟ ಮಾಡುತ್ತಿದ್ದಂತೆ ಮಗುವಿನ ತುಟಿ ಬಾತಿತು. ಅಂದು ಎಳ್ಳು ಇರಲಿಲ್ಲ. ಗುರೆಳ್ಳಿನ, ಎಂದರೆ ಹುಚ್ಚೆಳ್ಳಿನ, ಚಟ್ನಿ ಇತ್ತು, ಅಗಸಿ ಬೀಜ ಕುಟ್ಟಿದ ಹಿಂಡಿ ಇತ್ತು, ಶೇಂಗಾ ಇತ್ತು. ಇವಿಲ್ಲದ ತಾಟು ನಮ್ಮ ಸೀಮೆಯಲ್ಲಿ ಯಾವ ಮನೆಯಲ್ಲಿದೆ? ಈಗ ಶೇವಂತೆವ್ವ ಹೆದರಿ ಬರೀ ಗಂಜಿ ಕುಡಿಸುತ್ತಾಳೆ. ಊಟದ ಹೊತ್ತಿಗೆ ಮಗುವನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ. "ಹಸದು ಬಾಗಲಾ ಬಡೀತೈತ್ರಿ, ನಮಗೂ ತುತ್ತು ಇಳಿಯೂದಿಲ್ರಿ" ಎಂದು ನನ್ನೆದುರು ಅತ್ತಳು. ಮಗು ಕಡ್ಡಿಯಾಗಿದೆ.

ರಜೆಯ ಕಡತ ನಿಮ್ಮಲ್ಲಿ ಅಲೆದಾಡುವಾಗಲೇ ನನ್ನ ವಯೋಮಿತಿ ಮುಗಿಯಿತು. ಆ ವಿದ್ಯೆ ಇನ್ನು ನನ್ನ ಪಾಲಿಗಿಲ್ಲ. ಅದರ ದುಃಖ ನನಗೆ ದೊಡ್ಡದೇ, ಆದರೆ ನಿಮಗೆ ಹೇಳಿ ಪ್ರಯೋಜನವಿಲ್ಲ. ಮುದ್ದೇಬಿಹಾಳದ ಯುವ ವೈದ್ಯ ಅರುಣಕುಮಾರ ಈ ವರ್ಷ ಅದೇ ಕಲಿಕೆಗೆ ಅರ್ಜಿ ಹಾಕಿದ್ದಾನೆ. ಅವನನ್ನು ಈ ತಿಂಗಳೇ ಕಳಿಸಿ. ಅವನು ಕಲಿತು ಬಂದ ಮೇಲೆ ಪರೀಕ್ಷೆಗೆ ಬೇಕಾದ ಸಾಮಗ್ರಿ ಕೊಟ್ಟು, ಈ ನಾಲ್ಕು ತಾಲೂಕುಗಳಲ್ಲಿಯೇ ಕೂರಿಸಿ. ಅವನನ್ನು ಬೆಂಗಳೂರಿನಲ್ಲಿ ಕೂರಿಸಿಕೊಳ್ಳುವ ಆಸೆ ನಿಮಗೆ ಬಾರದಿರಲಿ.

ಅದೂ ಆಗದು ಎನ್ನುವುದಾದರೆ ಇನ್ನೊಂದು ಕೆಲಸ ಮಾಡಿ. ನಾಳೆ ಶೇವಂತೆವ್ವ ಮೊಮ್ಮಗಳನ್ನು ಎತ್ತಿಕೊಂಡು ಮತ್ತೆ ನನ್ನ ಹತ್ತಿರ ಬರುತ್ತಾಳೆ. ನಾನು ಅವರನ್ನು ನಿಮ್ಮ ಕಚೇರಿಗೆ ಕಳಿಸುತ್ತೇನೆ. ಆ ಮಗುವಿಗೆ ಏನು ಉಣಿಸಬೇಕೆಂದು ನೀವೇ ಹೇಳಿ ಕಳಿಸಿ.

ಇಂತಿ,
ಕಲಿಯಲು ಬಿಡದೆ ಉಳಿಸಿಕೊಂಡ ತಮ್ಮದೇ ಇಲಾಖೆಯ ವೈದ್ಯೆ
ಡಾ. ಸುನಂದಾ ಬಸಂತರಾಯ ಬಿರಾದಾರ
ಇಂಡಿ ತಾಲೂಕು, ಫೆಬ್ರುವರಿ ೨೦೦೩